ಅಡುಗೆಮನೆ ತೋಟದ ಕಿಟ್: ಸಾಮಾನು ಚೆನ್ನ, ಚಾರ್ಟ್ ಮಾತ್ರ ನಮ್ಮ ಅಡುಗೆಮನೆಯದ್ದಲ್ಲ

ಪೆಟ್ಟಿಗೆಯಲ್ಲಿರುವುದು ಇಷ್ಟು: ಮುಚ್ಚಳದಲ್ಲಿ ತೂತಿರುವ ನಾಲ್ಕು ಪಾರದರ್ಶಕ ಲೋಟ, ನಾಲ್ಕು ಪುಟ್ಟ ಕುಂಡ, ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಬಿಲ್ಲೆಗಳು, ಒಂದು ಸ್ಪ್ರೇ ಬಾಟಲಿ, ಗೋಡೆಗೆ ಅಂಟಿಸುವ ಚಾರ್ಟ್. ಆರು ವರ್ಷ ಮೇಲ್ಪಟ್ಟ ಮಕ್ಕಳಿಗೆ, ತರಕಾರಿ ಹೆಚ್ಚಿ ಉಳಿದದ್ದರಿಂದ ಗಿಡ ಮಾಡುವುದನ್ನು ಕಲಿಸಲು.

ಕಿಟ್‌ನಲ್ಲಿ ಕೊಟ್ಟ ಕಾಸಿಗೆ ಬೆಲೆ ಬರುವುದು ಲೋಟಗಳಿಂದ. ಬೇರು ಬಿಡುವುದು ಹೊರಗಿನಿಂದಲೇ ಕಾಣುತ್ತದೆ, ದಂಟು ವಾಲದೆ ನಿಲ್ಲುತ್ತದೆ. ಆದರೆ ‘ನೀರು ಕಡಿಮೆಯಾದಾಗ ತುಂಬಿಸಿ’ ಎನ್ನುವ ಸೂಚನೆ ಪಾಲಿಸಬೇಡಿ. ಎರಡು ದಿನಕ್ಕೊಮ್ಮೆ ಹಳೇ ನೀರು ಚೆಲ್ಲಿ, ಲೋಟದ ಒಳಗೋಡೆ ಉಜ್ಜಿ, ಹೊಸ ನೀರು ಹಾಕಬೇಕು. ಇಲ್ಲದಿದ್ದರೆ ದಂಟು ಲೋಳೆಗಟ್ಟಿ ನಾರುತ್ತದೆ. ಮೇಲಾಗಿ ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುವುದು ಇಂಥ ನಿಂತ ನೀರಿನಲ್ಲೇ.

ಚಾರ್ಟ್‌ನಲ್ಲಿರುವುದು ಸೆಲರಿ, ಲೆಟ್ಯೂಸ್, ಬೆಣ್ಣೆಹಣ್ಣಿನ ಬೀಜ, ಕ್ಯಾರೆಟ್ ತಲೆ. ಸೆಲರಿ ಎಷ್ಟು ಮನೆಗೆ ಬರುತ್ತದೆ? ಬೆಣ್ಣೆಹಣ್ಣಿನ ಬೀಜ ಬೇರು ಬಿಡಲು ವಾರಗಟ್ಟಲೆ ಬೇಕು, ಅಷ್ಟರಲ್ಲಿ ಮಕ್ಕಳು ಲೋಟವನ್ನೇ ಮರೆತಿರುತ್ತಾರೆ. ಕ್ಯಾರೆಟ್ ತಲೆಯಿಂದ ಮತ್ತೆ ಕ್ಯಾರೆಟ್ ಬರುವಂತೆ ಚಿತ್ರ ಹಾಕಿರುವುದಂತೂ ಶುದ್ಧ ಸುಳ್ಳು. ಸೊಪ್ಪು ಚಿಗುರುತ್ತದೆ, ಹೂವೂ ಬಿಡಬಹುದು, ಗಡ್ಡೆ ಕಟ್ಟುವುದಿಲ್ಲ.

ಬದಲಿಗೆ ಪುದೀನದಿಂದ ಶುರುಮಾಡಿಸಿ. ಸಂತೆಯ ಕಟ್ಟಿನಲ್ಲಿ ತೀರಾ ಎಳತೂ ಅಲ್ಲದ, ಕಟ್ಟಿಗೆಯಂತೆ ಬಲಿತೂ ಇಲ್ಲದ ದಂಟು ಆರಿಸಿ, 10–12 ಸೆಂ.ಮೀ. ಉದ್ದಕ್ಕೆ, ಗೆಣ್ಣಿನ ಸ್ವಲ್ಪ ಕೆಳಗೆ ಕತ್ತರಿಸಬೇಕು. ಬೇರು ಒಡೆಯುವುದು ಹೆಚ್ಚಾಗಿ ಗೆಣ್ಣಿನಲ್ಲೇ. ಕೆಳಗಿನ ಎರಡು ಗೆಣ್ಣಿನ ಎಲೆ ಕೀಳದಿದ್ದರೆ ನೀರಿನಲ್ಲಿ ಮುಳುಗಿ ಕೊಳೆಯುತ್ತವೆ. ನೇರ ಬಿಸಿಲು ಬೇಡ, ಬೆಳಕಿರುವ ಕಿಟಕಿ ಸಾಕು. ಏಳರಿಂದ ಹತ್ತು ದಿನದಲ್ಲಿ ಬಿಳಿ ಬೇರು ಕಾಣುತ್ತದೆ; ಎರಡು-ಮೂರು ಸೆಂ.ಮೀ. ಆದ ಕೂಡಲೇ ಮಣ್ಣಿಗೆ ಹಾಕಿ.

ಬಸಳೆ ಇನ್ನೂ ಸುಲಭ: ದಪ್ಪ ದಂಟಿನ ಎರಡು ಗೆಣ್ಣು ಮಣ್ಣಿನೊಳಗೆ, ಎರಡು ಹೊರಗೆ. ಕರಾವಳಿಯ ಮನೆಗಳಲ್ಲಿ ದಂಟೂ ಹುಳಿಗೇ ಹೋಗುವುದರಿಂದ ಎರಡು ತುಂಡು ಮೊದಲೇ ಎತ್ತಿಡಿ. ತಾಳ್ಮೆಯಿಲ್ಲದ ಮಗುವಿಗೆ ಒಗ್ಗರಣೆ ಡಬ್ಬಿಯ ಮೆಂತ್ಯವೇ ಸರಿ. ರಾತ್ರಿ ನೆನೆಸಿ ಬಿತ್ತಿದರೆ ಮೂರ್ನಾಲ್ಕು ದಿನದಲ್ಲಿ ಮೊಳಕೆ ಮೇಲೆ ಬರುತ್ತದೆ.

ಕುಂಡಗಳ ಬಾಯಿ ಏಳು ಸೆಂ.ಮೀ. ಅಷ್ಟೇ. ಸಸಿಗೆ ಸಾಕು, ಶುಂಠಿಗೆ ಸಾಲದು. ಕಣ್ಣಿರುವ ಶುಂಠಿ ತುಂಡನ್ನು ಏಪ್ರಿಲ್–ಮೇ ತಿಂಗಳಲ್ಲಿ ಒಂದಡಿ ಅಗಲದ ಕುಂಡಕ್ಕೇ ಹಾಕಿ, ಕತ್ತರಿಸಿದ ಭಾಗ ಒಂದೆರಡು ದಿನ ಒಣಗಿದ ಮೇಲೆ.

ಕೊಕೊಪೀಟ್‌ನಲ್ಲಿ ಗಿಡಕ್ಕೆ ಆಹಾರವಿಲ್ಲವೆಂದೇ ಹೇಳಬೇಕು. ಬರೀ ಬಿಲ್ಲೆಯಲ್ಲೇ ಬಿಟ್ಟರೆ ಕೆಲವೇ ವಾರಗಳಲ್ಲಿ ಎಲೆ ಹಳದಿಯಾಗುತ್ತದೆ. ಮಣ್ಣು, ಎರೆಗೊಬ್ಬರ, ಕೊಕೊಪೀಟ್ ಸಮಪಾಲು ಬೆರೆಸಿ. ಮಕ್ಕಳ ಕೈಯಲ್ಲಿ ಗಿಡ ಸಾಯುವುದು ಬಹುಪಾಲು ನೀರು ಹೆಚ್ಚಾಗಿಯೇ. ಹಿಡಿ ಮಿಶ್ರಣ ಹಿಂಡಿದರೆ ಒಂದೆರಡು ಹನಿ ಬರಬೇಕು, ಧಾರೆಯಲ್ಲ. ಇದನ್ನು ಮಕ್ಕಳಿಂದಲೇ ಮಾಡಿಸಿ. ಬಿಲ್ಲೆ ಮುಗಿದ ಮೇಲೆ ಮತ್ತೆ ಕಿಟ್ ಕೊಳ್ಳಬೇಕಿಲ್ಲ. ನರ್ಸರಿಯ 650 ಗ್ರಾಂ ಕೊಕೊಪೀಟ್ ಇಟ್ಟಿಗೆಯನ್ನು ಸುಮಾರು ಮೂರು ಲೀಟರ್ ನೀರಿನಲ್ಲಿ ನೆನೆಸಿ, ಒಂದು ಸಲ ತೊಳೆದು ಉಪ್ಪಿನಂಶ ಬಸಿದರೆ ಹತ್ತಾರು ಪುಟ್ಟ ಕುಂಡ ತುಂಬುತ್ತವೆ.