ಹೀಟರ್ ವೈಂಡಿಂಗ್‌ನಿಂದ ಎಫೆಕ್ಟ್ಸ್ ಲೂಪ್‌ಗೆ ಸಪ್ಲೈ ತೆಗೆಯುವ ಮೊದಲು ಇದನ್ನು ಓದಿ

ಮನೆಯಲ್ಲೇ ಕಟ್ಟಿದ ವಾಲ್ವ್ (ನಿರ್ವಾತ ಕೊಳವೆ) ಗಿಟಾರ್ ಆಂಪ್‌ಗೆ ಎಫೆಕ್ಟ್ಸ್ ಲೂಪ್, ಅಂದರೆ ಪೆಡಲನ್ನು ಆಂಪ್‌ನ ಒಳಹಂತಗಳ ನಡುವೆ ಸೇರಿಸುವ ಜ್ಯಾಕ್‌ಗಳನ್ನು, ಕೂರಿಸಬೇಕು ಅಂದುಕೊಂಡವರು ದಯವಿಟ್ಟು ಇದನ್ನು ಪೂರ್ತಿ ಓದಿ. ಹೋದ ತಿಂಗಳು ನನ್ನ ಪವರ್ ಟ್ರಾನ್ಸ್‌ಫಾರ್ಮರ್ ಏಳೆಂಟು ನಿಮಿಷದಲ್ಲಿ ಸುಟ್ಟುಹೋಯಿತು. ಫ್ಯೂಸ್ ಮಾತ್ರ ಹೋಗಲೇ ಇಲ್ಲ.

ಆಂಪ್ ಎರಡು ವರ್ಷದಿಂದ ಚೆನ್ನಾಗಿಯೇ ನಡೆಯುತ್ತಿತ್ತು. ಪುಷ್-ಪುಲ್ ಜೋಡಿಯಾಗಿ ಎರಡು ಇಎಲ್84 ಪವರ್ ವಾಲ್ವ್, ಅವುಗಳ ಮುಂದೆ ಮೂರು ಇಸಿಸಿ83 ಪ್ರೀಆಂಪ್ ವಾಲ್ವ್. ಇಎಲ್84 ಎರಡೂ ನಮ್ಮ ಜಾಲಹಳ್ಳಿಯ ಬಿಇಎಲ್‌ನ ಹಳೆಯ ಮಾಲು, ಎಸ್.ಪಿ. ರಸ್ತೆಯಲ್ಲಿ ಹುಡುಕಿ ತಂದದ್ದು. ನುಡಿಸುವವಳು ನನ್ನ ತಂಗಿ. ಡಿಲೇ ಪೆಡಲನ್ನು ಆಂಪ್‌ನ ಇನ್‌ಪುಟ್‌ಗೆ ಕೊಟ್ಟರೆ, ಪ್ರೀಆಂಪ್ ಒಡೆದು ಗುರುಗುಟ್ಟುವ ಹೊತ್ತಿಗೆ ಪ್ರತಿಧ್ವನಿಗಳೂ ಅದರ ಜೊತೆ ಕಲಸುಮೇಲೋಗರ ಆಗುತ್ತಿದ್ದವು. ಪ್ರೀಆಂಪ್ ಆದ ಮೇಲೆ, ಫೇಸ್ ಇನ್ವರ್ಟರ್‌ಗಿಂತ (ಪವರ್ ವಾಲ್ವ್‌ಗಳೆರಡಕ್ಕೂ ಸಿಗ್ನಲ್ ಹಂಚುವ ಹಂತ) ಮೊದಲು ಒಂದು ಸೆಂಡ್, ಒಂದು ರಿಟರ್ನ್ ಜ್ಯಾಕ್ ಇದ್ದರೆ ಡಿಲೇ ಸ್ವಚ್ಛವಾಗಿ ಕೇಳುತ್ತದೆ. ಅದಕ್ಕೆ ಬೇಕಿದ್ದದ್ದು ಎರಡು ಜೆಫೆಟ್ ಬಫರ್ (ಸಿಗ್ನಲ್ ಕುಗ್ಗದಂತೆ ದಾಟಿಸುವ ಟ್ರಾನ್ಸಿಸ್ಟರ್ ಹಂತ), ಒಂದು 5 ವೋಲ್ಟ್ ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್), ಅವಕ್ಕೊಂದು ಸಣ್ಣ ಡಿಸಿ ಸಪ್ಲೈ.

ವಾಲ್ವ್‌ಗಳನ್ನು ಒಳಗಿಂದ ಕಾಯಿಸುವ ಹೀಟರ್‌ಗೆ ಪವರ್ ಟ್ರಾನ್ಸ್‌ಫಾರ್ಮರ್‌ನ ಒಂದು ಸುತ್ತಿನಿಂದ (ವೈಂಡಿಂಗ್) ಬರುವ 6.3 ವೋಲ್ಟ್ ಎಸಿ ಕೈಗೆಟುಕುವಲ್ಲೇ ಇತ್ತು. ಬ್ರಿಡ್ಜ್ (ಎಸಿಯನ್ನು ಡಿಸಿ ಮಾಡುವ ನಾಲ್ಕು ಡಯೋಡ್) ಹಾಕಿ ಕೆಪಾಸಿಟರ್ ಕೊಟ್ಟರೆ ಸುಮಾರು 7.5 ವೋಲ್ಟ್ ಡಿಸಿ ಸಿಗುತ್ತದೆ. ನಾನು ನೋಡಿಕೊಂಡು ಕಟ್ಟಿದ ಡ್ರಾಯಿಂಗ್‌ನಲ್ಲೂ ಹಾಗೇ ಇತ್ತು. ಬೋರ್ಡನ್ನು ಮೊದಲು ಬೆಂಚ್ ಮೇಲೆ 6 ವೋಲ್ಟಿನ ಬೇರೊಂದು ಚಿಕ್ಕ ಟ್ರಾನ್ಸ್‌ಫಾರ್ಮರ್‌ಗೆ ಹಾಕಿ ನೋಡಿದೆ. ರಿಲೇ ಟಕ್ ಅಂತ ಎಳೆಯಿತು, ಸಿಗ್ನಲ್ ಸರಿಯಾಗಿ ದಾಟಿತು. ಆ ಧೈರ್ಯದಲ್ಲಿ ಆಂಪ್ ಒಳಗೆ ಕೂರಿಸಿ, ಬ್ರಿಡ್ಜ್‌ನ ಮೈನಸ್ಸನ್ನು ಚಾಸಿಗೆ (ಆಂಪ್‌ನ ಲೋಹದ ಚೌಕಟ್ಟು) ಬೆಸೆದೆ.

ಆನ್ ಮಾಡಿದಾಗ ಟ್ರಾನ್ಸ್‌ಫಾರ್ಮರ್ ಎಂದಿಗಿಂತ ಜೋರಾಗಿ ಗುಂಯ್‌ಗುಟ್ಟಿತು. ವಾಲ್ವ್‌ಗಳ ಕೆಂಪು ಎಂದಿಗಿಂತ ಮಂಕು. ಲೂಪ್ ಹೀಟರ್‌ನಿಂದ ಕರೆಂಟ್ ಎಳೆಯುತ್ತಿದೆಯಲ್ಲ, ಅದಕ್ಕೇ ಇರಬೇಕು ಅಂದುಕೊಂಡು ಮೀಟರ್ ತರಲು ಒಳಗೆ ಹೋದೆ. ಅಲ್ಲಿ ಫೋನ್ ಬಂತು, ಮಾತಾಡುತ್ತಾ ನಿಂತೆ. "ಅಣ್ಣಾ, ಏನೋ ಸುಟ್ಟ ವಾಸನೆ ಬರ್ತಿದೆ ನೋಡು" ಅಂತ ತಂಗಿ ಕೂಗಿದಳು. ಓಡಿ ಬಂದು ಪ್ಲಗ್ ಕಿತ್ತಾಗ ಟ್ರಾನ್ಸ್‌ಫಾರ್ಮರ್ ಮುಟ್ಟುವ ಹಾಗಿರಲಿಲ್ಲ. ಹಸಿರು ಹೀಟರ್ ತಂತಿಗಳ ಪ್ಲಾಸ್ಟಿಕ್ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಂಡಿತ್ತು. ಬ್ರಿಡ್ಜ್‌ಗೆ ಹಾಕಿದ್ದ ನಾಲ್ಕು 1ಎನ್4007 ಡಯೋಡ್‌ಗಳಲ್ಲಿ ಎರಡರ ಕೆಳಗೆ ಬೋರ್ಡ್ ಕಪ್ಪಾಗಿತ್ತು.

ಏನಾಯಿತು ಅಂತ ಬಿಡಿಸಿ ಹೇಳುತ್ತೇನೆ, ಮುಖ್ಯ ವಿಷಯ ಇದೇ. ಹಮ್ ಬಾರದಿರಲಿ ಅಂತ ಹೀಟರ್ ವೈಂಡಿಂಗ್‌ನ ಸೆಂಟರ್ ಟ್ಯಾಪನ್ನು (ಸುತ್ತಿನ ನಟ್ಟನಡುವಿಂದ ತೆಗೆದ ತಂತಿ) ಚಾಸಿಗೆ ಕೊಟ್ಟಿರುತ್ತೇವೆ. ಹಾಗಾಗಿ ಒಂದು ತುದಿ ಚಾಸಿಗಿಂತ ಸುಮಾರು 4.5 ವೋಲ್ಟ್ ಮೇಲೇರಿದಾಗ ಇನ್ನೊಂದು ಅಷ್ಟೇ ಕೆಳಗಿಳಿದಿರುತ್ತದೆ. ಬ್ರಿಡ್ಜ್‌ನ ಮೈನಸ್ ಕೂಡ ಚಾಸಿಯಲ್ಲೇ ಇದ್ದರೆ, ಕೆಳಗಿಳಿದ ತುದಿಗೆ ಚಾಸಿಯಿಂದ ಡಯೋಡ್ ಮೂಲಕ ನೇರ ದಾರಿ ಸಿಗುತ್ತದೆ. ಕರೆಂಟ್ ಚಾಸಿಯಿಂದ ಡಯೋಡ್, ಅಲ್ಲಿಂದ ಅರ್ಧ ವೈಂಡಿಂಗ್, ಅಲ್ಲಿಂದ ಸೆಂಟರ್ ಟ್ಯಾಪ್, ಮತ್ತೆ ಚಾಸಿ. ಈ ದಾರಿಯಲ್ಲಿ ಲೋಡ್ ಅನ್ನುವುದೇ ಇಲ್ಲ, ಅದು ಬರೀ ಶಾರ್ಟ್. ಮುಂದಿನ ಅರ್ಧ ಸೈಕಲ್‌ನಲ್ಲಿ ಉಳಿದರ್ಧ ವೈಂಡಿಂಗ್‌ಗೂ ಇದೇ ಗತಿ. ಬೆಂಚ್ ಮೇಲಿನ ಚಿಕ್ಕ ಟ್ರಾನ್ಸ್‌ಫಾರ್ಮರ್‌ನ ಸೆಕೆಂಡರಿ ಯಾವುದಕ್ಕೂ ಗ್ರೌಂಡ್ ಆಗಿರಲಿಲ್ಲ, ಅದಕ್ಕೇ ಅಲ್ಲಿ ಎಲ್ಲವೂ ಸರಿಯಾಗಿತ್ತು.

ಫ್ಯೂಸ್ ಯಾಕೆ ಹೋಗಲಿಲ್ಲ? ಅರ್ಧ ವೈಂಡಿಂಗ್ ಅಂದರೆ 3.15 ವೋಲ್ಟ್. ಅಲ್ಲಿ 20 ಆಂಪಿಯರ್ ಹರಿದರೂ ಆಗುವುದು 63 ವಾಟ್. 230 ವೋಲ್ಟ್ ಕಡೆ ಅದು ಬರೀ 0.27 ಆಂಪಿಯರ್ ಹೆಚ್ಚುವರಿ. ನನ್ನ ಮೇನ್ಸ್ ಫ್ಯೂಸ್ 1 ಆಂಪಿಯರ್ ಸ್ಲೋ-ಬ್ಲೋ. ಅದಕ್ಕೆ ಏನೂ ಗೊತ್ತಾಗಲಿಲ್ಲ, ಶಾಖ ಮಾತ್ರ ವೈಂಡಿಂಗ್‌ನ ತಾಮ್ರ, ಡಯೋಡ್‌ಗಳೊಳಗೇ ಉಳಿಯಿತು. ಬ್ರಿಡ್ಜ್‌ಗೆ ಹೋಗುವ ಎರಡು ತಂತಿಗೂ ಅರ್ಧ ಆಂಪಿಯರ್ ಫ್ಯೂಸ್ ಹಾಕಿದ್ದರೆ ಅವು ಕ್ಷಣದಲ್ಲಿ ಹೋಗಿ ಟ್ರಾನ್ಸ್‌ಫಾರ್ಮರ್ ಉಳಿಯುತ್ತಿತ್ತು.

ವೈಂಡಿಂಗ್ ಅಂಗಡಿಯವರು ಅದನ್ನು ನನ್ನೆದುರೇ ಬಿಚ್ಚಿದರು. ಹೀಟರ್ ಸುತ್ತಿನ ಕೆಳಗಿನ ಇನ್ಸುಲೇಶನ್ ಪೇಪರ್ ಸೀದ ಹಪ್ಪಳದ ಹಾಗೆ ಪುಡಿಯಾಗಿ ಉದುರಿತು. ಅದರ ಕೆಳಗೇ ಎಚ್‌ಟಿ, ಅಂದರೆ ನೂರಾರು ವೋಲ್ಟಿನ ಸುತ್ತು. "ಇನ್ನೊಂದು ಐದು ನಿಮಿಷ ಬಿಟ್ಟಿದ್ರೆ ಎಚ್‌ಟಿ ಹೀಟರ್‌ಗೆ ಬಂದ್ಬಿಡ್ತಿತ್ತು ಸಾರ್" ಅಂದರು. ಆ ಮಾತು ಈಗಲೂ ಕಿವಿಯಲ್ಲಿದೆ.

ನಿಮ್ಮ ಆಂಪ್‌ನಲ್ಲಿ ಹೀಟರ್ ಹೇಗಿದೆ ಅಂತ ಮೊದಲು ನೋಡಿಕೊಳ್ಳಿ. ಪ್ಲಗ್ ತೆಗೆದು, ಫಿಲ್ಟರ್ ಕೆಪಾಸಿಟರ್‌ಗಳಲ್ಲಿ ವೋಲ್ಟೇಜ್ ಇಳಿದಿದೆ ಅಂತ ಮೀಟರ್‌ನಲ್ಲಿ ಖಚಿತ ಮಾಡಿಕೊಂಡ ಮೇಲೆ, ಇಎಲ್84ರ 4ನೇ ಅಥವಾ 5ನೇ ಪಿನ್‌ನಿಂದ ಚಾಸಿಗೆ ಓಮ್ ಅಳೆಯಿರಿ. ಸೊನ್ನೆಗೆ ಹತ್ತಿರ ಬಂದರೆ ಸೆಂಟರ್ ಟ್ಯಾಪ್ ಇಲ್ಲವೇ ವೈಂಡಿಂಗ್‌ನ ಒಂದು ತುದಿ ಗ್ರೌಂಡ್ ಆಗಿದೆ, ನನಗಾದದ್ದೇ ನಿಮಗೂ ಆಗುತ್ತದೆ. 50 ಓಮ್ ಆಸುಪಾಸು ಬಂದರೆ 100 ಓಮ್‌ನ ಎರಡು ರೆಸಿಸ್ಟರ್ ಹಾಕಿ ಮಧ್ಯ ಮಾಡಿದ್ದಾರೆ ಅಂತ. ಅಲ್ಲಿ ಟ್ರಾನ್ಸ್‌ಫಾರ್ಮರ್ ಸುಡುವುದಿಲ್ಲ, ಆದರೆ ರೆಸಿಸ್ಟರ್ ಬಿಸಿಯಾಗಿ ಸ್ಪೀಕರ್‌ನಲ್ಲಿ ಜುಂಯ್ ಅನ್ನುವ ಸದ್ದು ಸೇರಿಕೊಳ್ಳುತ್ತದೆ.

ಬಿ-ಪ್ಲಸ್‌ನಿಂದ (ಎಚ್‌ಟಿಯಿಂದ ಮಾಡಿದ ಡಿಸಿ) ರೆಸಿಸ್ಟರ್, ಝೀನರ್ (ವೋಲ್ಟೇಜನ್ನು ಒಂದು ಮಿತಿಯಲ್ಲಿ ಹಿಡಿಯುವ ಡಯೋಡ್) ಹಾಕಿ ಇಳಿಸಿಕೊಳ್ಳಿ ಅಂತಲೂ ಕೆಲವರು ಹೇಳುತ್ತಾರೆ. ಅದೂ ಬೇಡ. 320 ವೋಲ್ಟನ್ನು 24ಕ್ಕೆ ಇಳಿಸಿ 10 ಮಿಲಿಆಂಪಿಯರ್ ತೆಗೆದರೂ ಆ ರೆಸಿಸ್ಟರ್‌ನಲ್ಲೇ 3 ವಾಟ್ ಶಾಖ. ಝೀನರ್ ಓಪನ್ ಆಗಿ ಕೆಟ್ಟಿತೆಂದರೆ 35 ವೋಲ್ಟಿನ ಕೆಪಾಸಿಟರ್ ಸಿಡಿಯುತ್ತದೆ, ಸೆಂಡ್ ಜ್ಯಾಕ್‌ಗೆ ಏನು ಬರುತ್ತದೋ ಹೇಳಲಾಗದು. ಆ ಜ್ಯಾಕ್‌ನ ಇನ್ನೊಂದು ತುದಿಯಲ್ಲಿ ಪೆಡಲ್ ಮುಟ್ಟುವ ಕೈ ಇರುತ್ತದೆ.

ಈಗ ಲೂಪ್‌ಗೆ ಬೇರೆಯದೇ 12-0-12 ಟ್ರಾನ್ಸ್‌ಫಾರ್ಮರ್ ಕೂರಿಸಿದ್ದೇನೆ. ಅದಕ್ಕೆ ಅದರದೇ ಫ್ಯೂಸ್, 7812, 7912 ವೋಲ್ಟೇಜ್ ರೆಗ್ಯುಲೇಟರ್‌ಗಳು. ಪ್ಲಸ್ ಮೈನಸ್ 12 ವೋಲ್ಟ್ ಸಿಗುವುದರಿಂದ ಜೆಫೆಟ್ ತೆಗೆದು ಟಿಎಲ್072 ಆಪ್-ಆಂಪ್ ಚಿಪ್ ಹಾಕಿದೆ, ಸಿಗ್ನಲ್ ಒಡೆಯದೆ ಏರಿಳಿಯಲು ಹೆಚ್ಚು ಜಾಗ ಸಿಕ್ಕಿತು. ಮೊದಲ ಸಲ ಸೀರೀಸ್ ಬೋರ್ಡ್‌ನಲ್ಲಿ (ಬಲ್ಬ್ ಮೂಲಕವೇ ಕರೆಂಟ್ ಹಾಯಿಸುವ ಬೋರ್ಡ್, ಶಾರ್ಟ್ ಇದ್ದರೆ ಬಲ್ಬ್ ಜೋರಾಗಿ ಉರಿಯುತ್ತದೆ) 60 ವಾಟ್ ಬಲ್ಬ್ ಹಾಕಿ ಆನ್ ಮಾಡಿದೆ. ಆ ಬೋರ್ಡ್ ಅವತ್ತೂ ಮನೆಯಲ್ಲೇ ಇತ್ತು. ಎರಡು ವರ್ಷ ಓಡಿದ ಆಂಪ್ ತಾನೇ ಅಂತ ಗೋಡೆಯಿಂದ ಇಳಿಸಿರಲಿಲ್ಲ. ಈ ಸಲ ಬಲ್ಬ್ ಒಮ್ಮೆ ಮಿನುಗಿ ಮಂಕಾಯಿತು, ಹಾಗೇ ಉಳಿಯಿತು.