ನೋಟರಿ ಸೀಲು ನೋಡಿ ಟ್ರಸ್ಟ್ ಆಯ್ತು ಅಂದುಕೊಳ್ಳಬೇಡಿ

ತನ್ನ ವ್ಯವಹಾರ ತಾನೇ ನೋಡಿಕೊಳ್ಳಲಾಗದ ಮಗನೋ ಮಗಳೋ ಮನೆಯಲ್ಲಿದ್ದು, ಅವರಿಗಾಗಿ ಟ್ರಸ್ಟ್ (ಅವರ ಪರವಾಗಿ ಸ್ವತ್ತನ್ನು ಬೇರೊಬ್ಬರು, ಅಂದರೆ ಟ್ರಸ್ಟಿ, ನೋಡಿಕೊಳ್ಳುವ ಏರ್ಪಾಡು) ಮಾಡಿಸಲು ಹೊರಟಿದ್ದರೆ ದಯವಿಟ್ಟು ಇದನ್ನು ಓದಿ.

ನನ್ನ ತಮ್ಮನಿಗೆ ಬೌದ್ಧಿಕ ಅಂಗವೈಕಲ್ಯ ಇದೆ. ದುಡ್ಡಿನ ಲೆಕ್ಕ ಅವನಿಂದ ಆಗುವುದಿಲ್ಲ. ತಾವು ಹೋದ ಮೇಲೂ ಅವನ ಊಟ, ಔಷಧಿಗೆ ತೊಂದರೆಯಾಗಬಾರದು ಅಂತ ಅಪ್ಪ ಮನೆಯನ್ನೂ ಬ್ಯಾಂಕ್ ಠೇವಣಿಯನ್ನೂ ಟ್ರಸ್ಟ್‌ಗೆ ಹಾಕಲು ವಕೀಲರೊಬ್ಬರ ಹತ್ತಿರ ಹೋದರು. ಅವರು ಛಾಪಾ ಕಾಗದದ ಮೇಲೆ ಟ್ರಸ್ಟ್ ಡೀಡ್ ಟೈಪ್ ಮಾಡಿಸಿ, ನೋಟರಿ ಸೀಲು ಹಾಕಿಸಿ, "ಎಲ್ಲಾ ಮುಗೀತು ಯಜಮಾನ್ರೇ, ನೆಮ್ಮದಿಯಾಗಿರಿ" ಅಂದರು. ಫೀಸು ಪೂರ್ತಿ ತಗೊಂಡರು.

ಅಪ್ಪ ತೀರಿಕೊಂಡ ಮೇಲೆ ಖಾತೆ ಬದಲಾವಣೆಗೆ ಹೋದಾಗಲೇ ಗೊತ್ತಾಗಿದ್ದು, ಮನೆ ಟ್ರಸ್ಟ್‌ಗೆ ಸೇರಿಯೇ ಇಲ್ಲ. 1882ರ ಭಾರತೀಯ ಟ್ರಸ್ಟ್ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಮನೆ, ಜಮೀನಿನ ಟ್ರಸ್ಟ್ ವಿಲ್ ಮೂಲಕ ಆಗಬೇಕು, ಇಲ್ಲಾ ಸಹಿ ಮಾಡಿದ ಪತ್ರ ನೋಂದಣಿ ಆಗಿರಬೇಕು. ನೋಟರಿ ಸೀಲು ನೋಂದಣಿ ಅಲ್ಲ. ಆ ಡೀಡ್ ಸಬ್ ರಿಜಿಸ್ಟ್ರಾರ್ ಕಚೇರಿ ಬಾಗಿಲು ಕಂಡಿರಲೇ ಇಲ್ಲ. ಠೇವಣಿಯೂ ಅಪ್ಪನ ಹೆಸರಲ್ಲೇ ಉಳಿದಿತ್ತು. ಸ್ವತ್ತನ್ನು ಟ್ರಸ್ಟಿಯ ಕೈಗೆ ವರ್ಗಾಯಿಸದೆ ಸುಮ್ನೆ ಡೀಡ್ ಬರೆದರೆ ಟ್ರಸ್ಟ್ ಆಗುವುದಿಲ್ಲ. ಸ್ವತ್ತು ಕೊಡುವವರೇ ಟ್ರಸ್ಟಿಯಾದರೆ ಮಾತು ಬೇರೆ.

ಆ ಡೀಡ್ ಬಿಚ್ಚಿ ನೋಡಿದರೆ ಹೊಟ್ಟೆ ಉರಿಯುತ್ತದೆ. ಸ್ವತ್ತಿನ ವಿವರ ಬರೆಯುವ ಷೆಡ್ಯೂಲಿನಲ್ಲಿ ಚಕ್ಕುಬಂದಿಯ (ನಾಲ್ಕೂ ಕಡೆಯ ಗಡಿಯ) ಜಾಗ ಖಾಲಿ. ಪೂರ್ವಕ್ಕೆ, ಪಶ್ಚಿಮಕ್ಕೆ, ಉತ್ತರಕ್ಕೆ, ದಕ್ಷಿಣಕ್ಕೆ ಅಂತಿದೆ, ಮುಂದೆ ಬರೀ ಚುಕ್ಕಿ. ಮೊದಲ ಪುಟದಲ್ಲಿ ಫಲಾನುಭವಿ ನನ್ನ ತಮ್ಮ, ಒಳಪುಟದಲ್ಲಿ "ಸದರಿ ಮೊಮ್ಮಗಳು"! ಬೇರೆ ಯಾರದೋ ಡೀಡ್ ಎತ್ತಿ ಹೆಸರು ಬದಲಾಯಿಸಿದ್ದಾರೆ ಅಷ್ಟೆ. ಇನ್ನು ಟ್ರಸ್ಟಿ ಅಂದರೆ ಆ ವಕೀಲರೊಬ್ಬರೇ. ಅವರ ನಂತರ ಯಾರು, ಅವರು ಸರಿಯಿಲ್ಲದಿದ್ದರೆ ತೆಗೆಯುವುದು ಹೇಗೆ, ಒಂದು ಸಾಲೂ ಇಲ್ಲ. ಇದಂತೂ ನನಗೆ ಅಜಾಗರೂಕತೆ ಅನ್ನಿಸುವುದಿಲ್ಲ.

ವಿಲ್ ಇಲ್ಲದ ಕಾರಣ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಮನೆ ಈಗ ಅಮ್ಮ, ನಾನು, ತಮ್ಮ ಮೂವರಿಗೂ ಸಮಪಾಲು. ತಮ್ಮನ ಪರ ಸಹಿ ಹಾಕಲು ಕಾನೂನುಬದ್ಧ ಪೋಷಕರು ಬೇಕು. ಅದಕ್ಕಾಗಿ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಿ ಕಾಯುತ್ತಿದ್ದೇವೆ. ಅಮ್ಮನಿಗೆ ಈ ವಯಸ್ಸಿನಲ್ಲಿ ಇದೆಲ್ಲಾ ಬೇಕಿತ್ತಾ?

ವಕೀಲರನ್ನು ಹುಡುಕುವಾಗ ಇಂಥ ಮಕ್ಕಳ ಪೋಷಕರನ್ನೇ ಕೇಳಿ. ಕೋರ್ಟಿನಲ್ಲಿ ಚೆನ್ನಾಗಿ ವಾದ ಮಾಡುವವರೆಲ್ಲ ಟ್ರಸ್ಟ್ ಡೀಡ್ ಚೆನ್ನಾಗಿ ಬರೆಯುತ್ತಾರೆ ಅಂತಿಲ್ಲ. ಸ್ಟಾಂಪ್ ಡ್ಯೂಟಿ ಎಷ್ಟು, ಯಾವತ್ತು ನೋಂದಣಿ, ಟ್ರಸ್ಟ್ ಹಿಂತೆಗೆದುಕೊಳ್ಳಬಹುದಾದದ್ದೋ ಅಲ್ಲವೋ, ತೆರಿಗೆ ಯಾರ ಮೇಲೆ ಬೀಳುತ್ತದೆ, ಇಷ್ಟಕ್ಕೂ ಬರವಣಿಗೆಯಲ್ಲಿ ಉತ್ತರ ಕೇಳಿ. ಹಿಂತೆಗೆದುಕೊಳ್ಳಬಹುದಾದ ಟ್ರಸ್ಟ್ ಆದರೆ ಅದರ ಆದಾಯ ಸ್ವತ್ತು ಕೊಟ್ಟವರ ಆದಾಯಕ್ಕೇ ಸೇರುತ್ತದೆ, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ತಾವೊಬ್ಬರೇ ಟ್ರಸ್ಟಿ ಆಗುತ್ತೇನೆ ಅನ್ನುವ ವಕೀಲರ ಹತ್ತಿರ ಕಾಗದಪತ್ರ ವಾಪಸ್ ಇಸ್ಕೊಂಡು ಎದ್ದು ಬನ್ನಿ.

ಈಗಾಗಲೇ ಮಾಡಿಸಿದ್ದೀರಾ? ಮನೆಯ ಮೇಲೆ ಹೊಸದಾಗಿ ಒಂದು ಇ.ಸಿ. (ಋಣಭಾರ ಪ್ರಮಾಣಪತ್ರ, ಆ ಸ್ವತ್ತಿನ ಮೇಲೆ ನೋಂದಣಿಯಾದ ಪತ್ರಗಳನ್ನು ತೋರಿಸುವಂಥದ್ದು) ತೆಗೆಸಿ. ಟ್ರಸ್ಟ್ ಡೀಡ್ ಅದರಲ್ಲಿ ಕಾಣದಿದ್ದರೆ, ಸಹಿ ಹಾಕಿದವರು ಇರುವಾಗಲೇ ಬೇರೆ ವಕೀಲರನ್ನು ನೋಡಿ.