ಮಮ್ಮಿಯ ಸುತ್ತುಬಟ್ಟೆಗೆ ಯಾವ ಟ್ಯಾಗ್? ಗೆಟ್ಟಿ ಪದಕೋಶ ಎಎಟಿಯ ವಿಮರ್ಶೆ

ಕಲಾಕೃತಿಗಳಿಗೆ ಟ್ಯಾಗ್ ಹಚ್ಚುವ ವ್ಯವಸ್ಥೆ ಎಷ್ಟು ಗಟ್ಟಿ ಎಂದು ತಿಳಿಯಬೇಕಾದರೆ ಅದಕ್ಕೆ ಈಜಿಪ್ಟಿನ ಮಮ್ಮಿಯ, ಅಂದರೆ ಕಾಪಿಟ್ಟ ಶವದ, ಸುತ್ತುಬಟ್ಟೆಯನ್ನು ಕೊಟ್ಟು ನೋಡಬೇಕು. ಒಬ್ಬರು ಅದನ್ನು ಉಡುಪು ಎನ್ನುತ್ತಾರೆ, ಇನ್ನೊಬ್ಬರು ಬ್ಯಾಂಡೇಜ್, ಮತ್ತೊಬ್ಬರು ಅಂತ್ಯಸಂಸ್ಕಾರದ ಸಾಮಗ್ರಿ. ಜವಳಿ ವಿಭಾಗದವರಿಗೆ ಅದು ಬರೀ ಲಿನನ್. ಉಡುಪು ಎನ್ನುವ ವಾದವೊಂದನ್ನು ಬಿಟ್ಟರೆ ಉಳಿದ ಮೂವರ ಮಾತಿನಲ್ಲೂ ಹುರುಳಿದೆ. ಎಲ್ಲವನ್ನೂ ಒಂದೇ ಖಾನೆಗೆ ತುರುಕಲು ಹೋದಾಗಲೇ ಜಗಳ ಶುರು.

ಅಮೆರಿಕದ ಗೆಟ್ಟಿ ಸಂಸ್ಥೆಯ ಎಎಟಿ, ಅಂದರೆ ಕಲೆ ಮತ್ತು ವಾಸ್ತುಶಿಲ್ಪದ ಪದಕೋಶ, ಈ ಪರೀಕ್ಷೆಯಲ್ಲಿ ಬಹುಪಾಲು ಗೆಲ್ಲುತ್ತದೆ. 1990ರಲ್ಲಿ ಮೊದಲು ಪುಸ್ತಕವಾಗಿ ಬಂದ ಇದು ಈಗ ಜಾಲದಲ್ಲಿ ಉಚಿತ. 2014ರಿಂದ ಮುಕ್ತ ದತ್ತಾಂಶವಾಗಿಯೂ ಸಿಗುತ್ತದೆ, ಮೂಲ ಹೆಸರಿಸಿದರೆ ಸಾಕು. ಪ್ರತಿ ಪರಿಕಲ್ಪನೆಗೂ 300ರಿಂದ ಶುರುವಾಗುವ ಒಂಬತ್ತು ಅಂಕಿಯ ಸಂಖ್ಯೆ ಇದೆ. ಟ್ಯಾಗ್‌ನಲ್ಲಿ ಪದದ ಬದಲು ಈ ಸಂಖ್ಯೆಯನ್ನೇ ಉಳಿಸಿಕೊಳ್ಳಿ. ಆಗ ಪದ ಬದಲಾದರೂ ಕೊಂಡಿ ಕಳಚುವುದಿಲ್ಲ. ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇದು ಇನ್ನೂ ಮುಖ್ಯ: ಬರೀ 'ಮಮ್ಮಿ' ಎಂಬ ಪದಕ್ಕೆ ಹುಡುಕಿದರೆ ತಾಯಿ ಮಗುವಿನ ಚಿತ್ರಗಳೂ ಬಂದು ಕೂರುತ್ತವೆ.

ಇದರ ನಿಜವಾದ ಬಲ ಮುಖಗಳ ವಿಂಗಡಣೆ. ವಸ್ತು, ಅದನ್ನು ಮಾಡಿದ ಪದಾರ್ಥ, ಕ್ರಿಯೆ, ಶೈಲಿ ಮತ್ತು ಕಾಲ, ಭೌತಿಕ ಲಕ್ಷಣ ಇವೆಲ್ಲ ಬೇರೆ ಬೇರೆ ಮುಖಗಳು. ಸುತ್ತುಬಟ್ಟೆಗೆ ಇದು ಹೇಳಿ ಮಾಡಿಸಿದಂತಿದೆ. ಪದಾರ್ಥದ ಮುಖದಿಂದ ಲಿನನ್, ಶೈಲಿಯ ಮುಖದಿಂದ ಟಾಲೆಮಿಗಳ ಕಾಲ ಅಥವಾ ರೋಮನ್ ಕಾಲ, ಕ್ರಿಯೆಯ ಮುಖದಿಂದ ನೇಯ್ಗೆ. ವಸ್ತುವಿನ ಮುಖದಲ್ಲಿ ಮಾತ್ರ ಕೈ ಬಿಗಿಹಿಡಿಯಬೇಕು: ಉದ್ದುದ್ದ ಹರಿದ ಪಟ್ಟಿಯೇ, ಇಡೀ ದೇಹ ಮುಚ್ಚುವ ಶವವಸ್ತ್ರವೇ, ಅಥವಾ ಬಟ್ಟೆಯ ಪದರಗಳಿಗೆ ಗಾರೆ ಮೆತ್ತಿ ಗಟ್ಟಿ ಮಾಡಿದ ಕಾರ್ಟೊನಾಜೇ? ಮೂರನ್ನೂ 'ಸುತ್ತುಬಟ್ಟೆ' ಎಂದು ಬರೆದುಬಿಟ್ಟರೆ ಮುಂದೆ ಬೇರ್ಪಡಿಸಲು ಒಂದೊಂದೇ ಚಿತ್ರ ತೆರೆದು ನೋಡಬೇಕಾಗುತ್ತದೆ.

ವಾಹ್ ಎಂಬ ಈಜಿಪ್ಟಿನ ಅಧಿಕಾರಿಯ ಮಮ್ಮಿ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂ ಸಂಗ್ರಹದ್ದು. ಅದಕ್ಕೆ ಸುತ್ತಿದ್ದ ಲಿನನ್ ಸುಮಾರು 375 ಚದರ ಮೀಟರ್. ಅದರಲ್ಲಿ ಪಟ್ಟಿಗಳಷ್ಟೇ ಅಲ್ಲ, ದೊಡ್ಡ ಹಾಸುಬಟ್ಟೆಗಳೂ ಇದ್ದವು. ಈಜಿಪ್ಟಿನಲ್ಲಿ ಮನೆಯಲ್ಲಿ ಬಳಸಿ ಹಳತಾದ ಬಟ್ಟೆಯನ್ನು ಹರಿದು ಸುತ್ತುವುದು ಸಾಮಾನ್ಯವಾಗಿತ್ತು. ಹಾಗಾಗಿ 'ಸುತ್ತುಬಟ್ಟೆ' ಎಂಬುದು ವಸ್ತುವಿನ ಜಾತಿಯಲ್ಲ, ಅದಕ್ಕೆ ಒದಗಿದ ಕೊನೆಯ ಉಪಯೋಗ. ಉಪಯೋಗಕ್ಕೆ ಪ್ರತ್ಯೇಕ ಖಾನೆ ಇಡಿ. ಝಾಗ್ರೆಬ್ ಪುರಾತತ್ವ ಮ್ಯೂಸಿಯಂನ ಲಿಬರ್ ಲಿಂಟಿಯಸ್ ನೋಡಿದರೆ ಈ ಮಾತು ಚೆನ್ನಾಗಿ ಮನದಟ್ಟಾಗುತ್ತದೆ. 1848ರಲ್ಲಿ ಅಲೆಕ್ಸಾಂಡ್ರಿಯಾದಲ್ಲಿ ಕೊಂಡ ಮಮ್ಮಿಯ ಪಟ್ಟಿಗಳ ಮೇಲಿದ್ದ ಬರಹ ಪ್ರಾಚೀನ ಇಟಲಿಯ ಎಟ್ರಸ್ಕನ್ ಭಾಷೆಯದು ಎಂದು 1891ರಲ್ಲಿ ಗೊತ್ತಾಯಿತು. ಅದು ಮೊದಲು ಲಿನನ್ ಪುಸ್ತಕ, ಆಮೇಲೆ ಹರಿದು ಮಾಡಿದ ಸುತ್ತುಪಟ್ಟಿ. ಒಂದೇ ಖಾನೆಯ ವ್ಯವಸ್ಥೆಯಲ್ಲಿ ಇಂಥದ್ದಕ್ಕೆ ಜಾಗವೇ ಇಲ್ಲ. ಈಜಿಪ್ಟಿನವರ 'ಸತ್ತವರ ಪುಸ್ತಕ'ದ ಮಂತ್ರಗಳನ್ನು ಬರೆದ ಪಟ್ಟಿಗಳ ಕತೆ ಬೇರೆ, ಅಲ್ಲಿ ಬರಹ ಸುತ್ತುವುದಕ್ಕಾಗಿಯೇ ಬಂದದ್ದು. ಎರಡಕ್ಕೂ 'ಬರಹವಿರುವ ಲಿನನ್' ಸರಿ, 'ಪುಸ್ತಕ' ಮೊದಲನೆಯದಕ್ಕೆ ಮಾತ್ರ.

ಎಎಟಿ ಸೋಲುವುದು ಚಿತ್ರಗಳ ವಿಷಯದಲ್ಲಿ. ವಸ್ತು ಏನು ಎಂದು ಹೇಳಲು ಅದು ಹುಟ್ಟಿದ್ದು, ಚಿತ್ರದೊಳಗೆ ನಡೆಯುವ ಕತೆ ಏನು ಎಂದು ಹೇಳಲಲ್ಲ. ಪಟ್ಟಿ ಸುತ್ತಿಕೊಂಡ ವೇಷಧಾರಿಯ ಚಿತ್ರಕ್ಕೆ 'ಲಿನನ್' ಎಂದು ಹಚ್ಚಿದರೆ, ಆ ಚಿತ್ರ ಕಾಗದದ ಮೇಲಿನ ಜಲವರ್ಣ ಎಂಬುದೇ ಮರೆತುಹೋಗುತ್ತದೆ. ಚಿತ್ರಿಸಿದ ವಿಷಯಕ್ಕೆ ಬೇರೆ ಖಾನೆ ತೆರೆದು, ಡಚ್ ಕಲಾ ಇತಿಹಾಸಕಾರ ಹೆನ್ರಿ ವಾನ್ ಡೆ ವಾಲ್ ಚಿತ್ರದ ವಿಷಯಗಳನ್ನು ವಿಂಗಡಿಸಲು ರೂಪಿಸಿದ ಐಕನ್‌ಕ್ಲಾಸ್ ಸಂಕೇತಗಳನ್ನು ಅಲ್ಲಿ ಬಳಸುವುದು ಲೇಸು. ಅದರ ಹತ್ತು ವಿಭಾಗಗಳಲ್ಲಿ 3 ಮನುಷ್ಯನದು, 4 ಸಮಾಜ ಮತ್ತು ಸಂಸ್ಕೃತಿಯದು. ವೇಷವನ್ನು 'ವೇಷ' ಎಂದೇ ಬರೆಯಿರಿ. ಉಡುಪಿನ ಟ್ಯಾಗ್‌ಗೆ ಅರ್ಹವಾದದ್ದು ಇದೊಂದೇ.

ಹೆಚ್ಚಿನ ಹಾನಿ ಮಾಡುವುದು ತಾನಾಗಿ ಸೇರುವ ಟ್ಯಾಗ್‌ಗಳು. 'ಸುತ್ತುಬಟ್ಟೆ' ಇದ್ದಲ್ಲಿ 'ಮಾನವ ಅವಶೇಷ' ಸೇರುವಂತೆ ನಿಯಮ ಹಾಕಬೇಡಿ: ತಟ್ಟೆಯಲ್ಲಿಟ್ಟ ಒಂದು ತುಂಡಿನಲ್ಲಿ ದೇಹವಿಲ್ಲ, ಬೆಕ್ಕು ಮತ್ತು ಐಬಿಸ್ ಹಕ್ಕಿಗಳನ್ನೂ ಲಿನನ್‌ನಲ್ಲೇ ಸುತ್ತುತ್ತಿದ್ದರು. ತಿರುಗಿಸಿ ಹಾಕಿದರೂ ತಪ್ಪೇ. ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಗೆಬೆಲೈನ್ ದೇಹಗಳು ಮರಳಿನ ಶಾಖಕ್ಕೆ ತಾವಾಗಿ ಒಣಗಿದವು, ಪಟ್ಟಿ ಸುತ್ತಿ ಕಾಪಿಟ್ಟವಲ್ಲ. 'ಬ್ಯಾಂಡೇಜ್' ಮತ್ತು 'ಸುತ್ತುಬಟ್ಟೆ' ಎರಡನ್ನೂ ಸಮಾನಪದ ಮಾಡಿದರೆ ಗಾಯಾಳು ಸೈನಿಕರು, ಮುಷ್ಟಿಕಾಳಗದವರ ಕೈಪಟ್ಟಿ, ಫೇರೋಗಳು ಎಲ್ಲರೂ ಒಂದೇ ಪುಟಕ್ಕೆ ಬರುತ್ತಾರೆ. ಆಕಾರ ನೋಡಿ ಹಚ್ಚಲು 'ಪಟ್ಟಿ' ಎಂಬ ತಟಸ್ಥ ಟ್ಯಾಗ್ ಒಂದಿರಲಿ, ಗಾಯ, ಆಟ, ಶವ ಅದರ ಕೆಳಗೆ ಬರಲಿ.

ದೇಹ ಕಾಣುವ ಚಿತ್ರಕ್ಕೆ ಮಾತ್ರ 'ಮಾನವ ಅವಶೇಷ' ಎಂಬ ಗುರುತನ್ನು ಮನುಷ್ಯರೇ ನೋಡಿ ಕೈಯಾರೆ ಹಚ್ಚಬೇಕು. ಅದು ಒಬ್ಬ ವ್ಯಕ್ತಿಯ ದೇಹ. ಹಲವು ಮ್ಯೂಸಿಯಂಗಳು ಈಗ ಫಲಕಗಳಲ್ಲಿ 'ಮಮ್ಮಿ' ಬಿಟ್ಟು 'ಮಮ್ಮೀಕರಿಸಿದ ವ್ಯಕ್ತಿ' ಎಂದು ಬರೆಯುತ್ತಿರುವುದು ಇದೇ ಕಾರಣಕ್ಕೆ. ಹಳೆಯ ಪದ ಹುಡುಕಾಟಕ್ಕಾಗಿ ಹಿಂದೆ ಉಳಿಯಲಿ, ಕಣ್ಣಿಗೆ ಕಾಣುವ ಹೆಸರು ಬದಲಾಗಲಿ.

ಸಂಗ್ರಹದ ಸೂಚಿಗೆ ಎಎಟಿಯನ್ನು ಧೈರ್ಯವಾಗಿ ಆರಿಸಿಕೊಳ್ಳಬಹುದು. ಕಲಿಯಲು ಸಮಯ ಹಿಡಿಯುತ್ತದೆ, ಪದವನ್ನು ಯಾವುದಕ್ಕೆ ಬಳಸಬೇಕು ಎಂದು ಹೇಳುವ, ಪ್ರತಿ ಪದದ ಜೊತೆಗಿರುವ ವ್ಯಾಪ್ತಿ ಟಿಪ್ಪಣಿ ಓದದೆ ಹಚ್ಚಿದರೆ ಎಡವುವುದು ಖಂಡಿತ. ಬರೀ ರೇಖಾಚಿತ್ರ, ವೇಷಭೂಷಣಗಳ ಸಂಗ್ರಹವಾದರೆ ಇಷ್ಟು ದೊಡ್ಡ ಪದಕೋಶ ಬೇಕಿಲ್ಲ, ಮೇಲೆ ಹೇಳಿದ 'ಪಟ್ಟಿ' ಮತ್ತು ಅದರ ಮೂರು ಕವಲುಗಳೇ ಸಾಕಾಗುತ್ತವೆ.